‘ದಿ’ ಎನ್ನಬೇಕೋ, ‘ದ’ ಎನ್ನಬೇಕೋ?

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಪದಕ್ಕೆ ಮೂರೇ ಅಕ್ಷರ: ಟಿ, ಎಚ್, ಇ. ಕನ್ನಡದಲ್ಲಿ ಇದಕ್ಕೆ ಸಮನಾದ ಪದವಿಲ್ಲ. ಹಾಗಾಗಿ ವರ್ಷಗಟ್ಟಲೆ ಇಂಗ್ಲಿಷ್ ಓದಿದವರೂ ಇಲ್ಲಿ ತಡವರಿಸುತ್ತಾರೆ.

ತಪ್ಪು ಕಲ್ಪನೆ 1: ಇದನ್ನು ಯಾವಾಗಲೂ ‘ದಿ’ ಎಂದೇ ಹೇಳಬೇಕು.

ವಾಸ್ತವ: ಮುಂದಿನ ಪದ ವ್ಯಂಜನದಿಂದ ಶುರುವಾದರೆ ‘ದ’ ಎಂದು ಹಗುರವಾಗಿ ಹೇಳಬೇಕು: ದ ಬಸ್, ದ ಟೀಚರ್. ಸ್ವರದಿಂದ ಶುರುವಾದರೆ ‘ದಿ’: ದಿ ಆಫೀಸ್, ದಿ ಆ್ಯಪಲ್.

ತಪ್ಪು ಕಲ್ಪನೆ 2: ಎ, ಇ, ಐ, ಒ, ಯು ಅಕ್ಷರಗಳ ಹಿಂದೆ ಮಾತ್ರ ‘ದಿ’.

ವಾಸ್ತವ: ಇಲ್ಲಿ ಲೆಕ್ಕಕ್ಕೆ ಬರುವುದು ಉಚ್ಚಾರಣೆ, ಸ್ಪೆಲ್ಲಿಂಗ್ ಅಲ್ಲ. ಯೂನಿವರ್ಸಿಟಿಯ ಸ್ಪೆಲ್ಲಿಂಗ್ ‘ಯು’ವಿನಿಂದ ಆರಂಭವಾದರೂ ಬಾಯಲ್ಲಿ ಬರುವುದು ‘ಯ’ಕಾರ. ಆದ್ದರಿಂದ ‘ದ ಯೂನಿವರ್ಸಿಟಿ’. ಗಂಟೆ ಎಂಬರ್ಥದ ‘ಅವರ್’ ಪದದಲ್ಲಿ ಎಚ್ ಮೌನ, ಆದ್ದರಿಂದ ‘ದಿ ಅವರ್’. ಎಂ ವ್ಯಂಜನವಾದರೂ ಹೇಳುವಾಗ ಮೊದಲು ಕೇಳುವುದು ‘ಎ’, ಹಾಗಾಗಿ ‘ದಿ ಎಂಎಲ್‌ಎ’. ಅನುಮಾನ ಬಂದರೆ ಆ ಪದವನ್ನು ಸರಿಯಾದ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದು ನೋಡಿ. ಮೊದಲಕ್ಷರ ಸ್ವರವಾಗಿದ್ದರೆ ‘ದಿ’, ಇಲ್ಲದಿದ್ದರೆ ‘ದ’. ನಾವು ‘ಒನ್’ ಎಂದು ಬರೆಯುವ ಪದದ ನಿಜವಾದ ಉಚ್ಚಾರಣೆ ‘ವನ್’ ಎಂಬುದು ಮಾತ್ರ ನೆನಪಿರಲಿ.

ತಪ್ಪು ಕಲ್ಪನೆ 3: ಇದರ ಅರ್ಥ ‘ಆ’ ಅಥವಾ ‘ಅದು’.

ವಾಸ್ತವ: ‘ಕ್ಲೋಸ್ ದ ಡೋರ್’ ಎಂದರೆ ‘ಬಾಗಿಲು ಹಾಕು’ ಅಷ್ಟೆ. ಯಾವ ಬಾಗಿಲು ಎಂಬುದು ಕೇಳುವವರಿಗೂ ಗೊತ್ತು ಎನ್ನುವುದೇ ಈ ಪದದ ಸೂಚನೆ. ಹೊಸದಾಗಿ ಪ್ರಸ್ತಾಪಿಸುವಾಗ ‘ಐ ಬಾಟ್ ಎ ಪೆನ್’. ಅದೇ ಪೆನ್ನಿನ ಮಾತು ಮುಂದುವರಿದರೆ ‘ದ ಪೆನ್ ಈಸ್ ಬ್ಲೂ’.

ತಪ್ಪು ಕಲ್ಪನೆ 4: ಊರು, ನದಿ, ಶಾಲೆ ಎಲ್ಲಕ್ಕೂ ಒಂದೇ ನಿಯಮ.

ವಾಸ್ತವ: ನದಿ, ಸಮುದ್ರ, ಪರ್ವತಶ್ರೇಣಿಗಳಿಗೆ ಇದು ಬೇಕು: ದ ಕಾವೇರಿ, ದಿ ಅರೇಬಿಯನ್ ಸೀ, ದ ವೆಸ್ಟರ್ನ್ ಘಾಟ್ಸ್. ಊರಾದ ಮೈಸೂರಿಗೆ, ಒಂಟಿ ಶಿಖರವಾದ ಮುಳ್ಳಯ್ಯನಗಿರಿಗೆ ಬೇಡ. ಓದಲು ಹೋಗುವ ಮಗು ‘ಗೋಸ್ ಟು ಸ್ಕೂಲ್’. ಟೀಚರನ್ನು ಕಾಣಲು ಹೋಗುವ ತಾಯಿ ‘ಗೋಸ್ ಟು ದ ಸ್ಕೂಲ್’.

ತಪ್ಪು ಕಲ್ಪನೆ 5: ನಮ್ಮ ‘ದ’ಕಾರದಲ್ಲಿ ಹೇಳಿದರೆ ನಗೆಪಾಟಲು.

ವಾಸ್ತವ: ಬ್ರಿಟನ್ನಿನ ಪ್ರಮಾಣಿತ ಉಚ್ಚಾರಣೆಯಲ್ಲಿ ನಾಲಿಗೆಯ ತುದಿ ಹಲ್ಲಿಗೆ ಸೋಕಿದಂತಿದ್ದು ಉಸಿರು ಸಂದಿಯಿಂದ ಹರಿಯುತ್ತದೆ. ನಮ್ಮ ‘ದ’ದಲ್ಲಿ ಉಸಿರು ಕ್ಷಣಕಾಲ ತಡೆದು ಬಿಡುಗಡೆಯಾಗುತ್ತದೆ. ಭಾರತೀಯರ ಇಂಗ್ಲಿಷಿನಲ್ಲಿ ಈ ‘ದ’ ಸರ್ವೇಸಾಮಾನ್ಯ, ಅರ್ಥಕ್ಕೆ ತೊಡಕಿಲ್ಲ. ಹಿಂಜರಿಕೆ ಬಿಟ್ಟು ದಿನಾ ಇಂಗ್ಲಿಷ್ ಪತ್ರಿಕೆಯ ಒಂದು ಪ್ಯಾರಾ ಗಟ್ಟಿಯಾಗಿ ಓದಿ, ಮಕ್ಕಳಿಂದಲೂ ಓದಿಸಿ. ಈ ನಿಯಮ ರೂಢಿಯಾಗುವುದು ಬಾಯಿಪಾಠದಿಂದಲ್ಲ, ಬಳಕೆಯಿಂದ.