ಕಾಯುವವರಿಗೂ ಪರೀಕ್ಷೆ

ರಾತ್ರಿಯ ವೇಳೆ ಪಟ್ಟಣದ ರಸ್ತೆಗಳಲ್ಲಿ ಸಂಚಾರಿ ಪೊಲೀಸರು ವಾಹನಗಳನ್ನು ತಡೆದು, ಚಾಲಕನಿಂದ ಒಂದು ಕೊಳವೆಯೊಳಕ್ಕೆ ಊದಿಸುವುದನ್ನು ನೀವು ನೋಡಿರಬಹುದು. 1988ರ ಮೋಟಾರು ವಾಹನಗಳ ಕಾಯಿದೆಯಂತೆ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿರುವವನು ವಾಹನ ನಡೆಸುವುದು ಅಪರಾಧ. ಆದರೆ ಆ ಕೊಳವೆಯನ್ನು ಹಿಡಿದ ಕೈಯೇ ಅಮಲಿನಿಂದ ನಡುಗುತ್ತಿದ್ದರೆ? ಬೇಲಿಯೇ ಎದ್ದು ಹೊಲ ಮೇಯುವ ಗಾದೆ ನಮ್ಮಲ್ಲಿ ಹಳೆಯದು. ಸೊಂಟದಲ್ಲಿ ಪಿಸ್ತೂಲನ್ನೂ ಕೈಯಲ್ಲಿ ಬಂಧಿಸುವ ಅಧಿಕಾರವನ್ನೂ ಉಳ್ಳವನ ಎಚ್ಚರವನ್ನು ಅಳೆಯುವುದು ಹೇಗೆ, ಅದು ನ್ಯಾಯವೇ ಎಂಬ ಪ್ರಶ್ನೆ ಹಲವು ದೇಶಗಳನ್ನು ಕಾಡಿದೆ.

ಮೊದಲು ಉಸಿರಿನ ವಿಷಯ. ಕುಡಿದ ಮದ್ಯಸಾರವು ಜಠರ ಮತ್ತು ಕರುಳುಗಳಿಂದ ರಕ್ತವನ್ನು ಸೇರಿ, ಮೆದುಳಿಗೂ ಶ್ವಾಸಕೋಶಗಳಿಗೂ ಹರಿಯುತ್ತದೆ. ಅದು ಸುಲಭವಾಗಿ ಆವಿಯಾಗುವ ದ್ರವವಾದುದರಿಂದ ಶ್ವಾಸಕೋಶದ ಸೂಕ್ಷ್ಮವಾದ ಗಾಳಿಗೂಡುಗಳಲ್ಲಿ ಉಸಿರಿಗೆ ದಾಟಿಕೊಳ್ಳುತ್ತದೆ. 1 ಮಿಲಿಲೀಟರ್ ರಕ್ತದಲ್ಲಿರುವಷ್ಟು ಮದ್ಯಸಾರವು ಸುಮಾರು 2100 ಮಿಲಿಲೀಟರ್ ಉಸಿರಿನಲ್ಲಿರುತ್ತದೆಂದು ಲೆಕ್ಕ ಹಿಡಿಯುತ್ತಾರೆ. ಇದನ್ನು ಅಳೆಯುವ ಯಂತ್ರವನ್ನು 1954ರಲ್ಲಿ ರಚಿಸಿದ ರಾಬರ್ಟ್ ಬೋರ್ಕೆನ್‌ಸ್ಟೈನ್ ಅವರು ಅಮೆರಿಕದ ಇಂಡಿಯಾನಾ ರಾಜ್ಯದ ಪೊಲೀಸ್ ಇಲಾಖೆಯವರೇ ಆಗಿದ್ದುದು ಸ್ವಾರಸ್ಯದ ಸಂಗತಿ. ಅವರ ಯಂತ್ರದಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟಿನ ಹಳದಿ ದ್ರಾವಣವಿತ್ತು. ಮದ್ಯಸಾರ ಬೆರೆತ ಉಸಿರು ಹಾಯ್ದೊಡನೆ ಆ ಬಣ್ಣ ಮಾಸುತ್ತಿತ್ತು. ಎಷ್ಟು ಮಾಸಿತೆಂಬುದನ್ನು ದ್ಯುತಿಕೋಶಗಳು ತಿಳಿಸುತ್ತಿದ್ದವು.

ಉಸಿರಿನ ಪರೀಕ್ಷೆಯ ದೊಡ್ಡ ಗುಣವೆಂದರೆ, ಅದು ಈ ಗಳಿಗೆಯ ಸ್ಥಿತಿಯನ್ನು ಹೇಳುತ್ತದೆ. ಆದುದರಿಂದಲೇ ಪೊಲೀಸರಿಗೂ ಅದನ್ನು ಅನ್ವಯಿಸುವುದು ಸುಲಭವಾಯಿತು. ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಸಾಮಾನ್ಯ ಚಾಲಕನಿಗೆ ದಶಕಗಳ ಕಾಲ ನಡೆದುಬಂದ ಮಿತಿ 100 ಮಿಲಿಲೀಟರ್ ಉಸಿರಿನಲ್ಲಿ 35 ಮೈಕ್ರೋಗ್ರಾಂ. ಕರ್ತವ್ಯದ ಮೇಲಿರುವ ಪೊಲೀಸನಿಗೆ ಇಟ್ಟ ಮಿತಿಯಾದರೋ ಬರಿಯ 13. ಅಧಿಕಾರ ಹೆಚ್ಚಿದಂತೆ ಸಲಿಗೆ ಕಡಿಮೆಯಾಗಬೇಕೆಂಬ ಈ ಕ್ರಮವು ನನಗೆ ಒಪ್ಪಿಗೆಯಾಗಿದೆ.

ಮಾದಕವಸ್ತುಗಳ ಪರೀಕ್ಷೆ ಇಷ್ಟು ಸರಳವಲ್ಲ. ಗಾಂಜಾ, ಕೊಕೇನ್, ಅಫೀಮು ಮೊದಲಾದವುಗಳ ಶೇಷವನ್ನು ಸಾಮಾನ್ಯವಾಗಿ ಮೂತ್ರದಲ್ಲಿ ಹುಡುಕುತ್ತಾರೆ. ನಿತ್ಯವೂ ಗಾಂಜಾ ಸೇದುವವನು ಅದನ್ನು ಬಿಟ್ಟ ಮೇಲೂ ಕೆಲವು ವಾರಗಳವರೆಗೆ ಅದರ ಶೇಷ ಮೂತ್ರದಲ್ಲಿ ಉಳಿಯಬಹುದು. ಎಂದರೆ, ಇವನು ಹಿಂದೆ ಸೇವಿಸಿದ್ದಾನೆಂದು ಈ ಪರೀಕ್ಷೆ ಹೇಳಬಲ್ಲುದೇ ಹೊರತು, ಈಗ ಅಮಲಿನಲ್ಲಿದ್ದಾನೆಂದು ಹೇಳಲಾರದು. ಇನ್ನೊಂದು ತೊಡಕೂ ಉಂಟು. ಹಬ್ಬದ ದಿನ ನಾವು ಸವಿಯುವ ಪಾಯಸದ ಗಸಗಸೆ ಅಫೀಮು ಗಿಡದ ಬೀಜವೇ ತಾನೆ? ಅದರಲ್ಲಿ ಮಾರ್ಫೀನಿನ ಲೇಶ ಇರುವುದುಂಟು. ಗಸಗಸೆ ತಿಂದ ನಿರಪರಾಧಿಯೂ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಸಂಭವವಿದ್ದುದರಿಂದ, ಅಮೆರಿಕದ ಕೇಂದ್ರ ಸರ್ಕಾರವು 1998ರಲ್ಲಿ ಅಫೀಮು ವರ್ಗದ ಪದಾರ್ಥಗಳ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೊಗ್ರಾಮಿನಿಂದ 2000ಕ್ಕೆ ಏರಿಸಿತು. ಒಬ್ಬನ ಅನ್ನವೂ ಮಾನವೂ ಇಂಥ ಒಂದು ಅಂಕಿಯ ಮೇಲೆ ನಿಂತಿರುತ್ತವೆ.

ಈ ವಾದವು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಅಲ್ಲಿನ ಸುಂಕ ಇಲಾಖೆಯ ಅಧಿಕಾರಿಗಳು ಹೆಸರಿಗೆ ಸುಂಕದವರಾದರೂ, ಆಯುಧ ಧರಿಸಿ ಮಾದಕವಸ್ತುಗಳ ಕಳ್ಳಸಾಗಣೆಯನ್ನು ತಡೆಯುವ ಪೊಲೀಸರೇ ಸರಿ. 1986ರಲ್ಲಿ ಇಲಾಖೆಯು, ಮೂರು ಬಗೆಯ ಹುದ್ದೆಗಳನ್ನು ಬಯಸುವವರೆಲ್ಲರೂ ಮೂತ್ರಪರೀಕ್ಷೆಗೆ ಒಳಗಾಗಬೇಕೆಂದು ವಿಧಿಸಿತು: ಕಳ್ಳಸಾಗಣೆ ತಡೆಯುವವರು, ಬಂದೂಕು ಹೊರುವವರು, ರಹಸ್ಯ ಕಾಗದಪತ್ರಗಳನ್ನು ನೋಡುವವರು. ಯಾವ ಸಂಶಯವೂ ಇಲ್ಲದೆ ಪ್ರಜೆಯ ದೇಹವನ್ನು ಶೋಧಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ನೌಕರರ ಸಂಘವು ಮೊರೆಯಿಟ್ಟಿತು. 1989ರ ಮಾರ್ಚಿಯಲ್ಲಿ ಒಂಬತ್ತು ನ್ಯಾಯಾಧೀಶರಲ್ಲಿ ಐವರು ಇಲಾಖೆಯ ಪರವಾಗಿ ನಿಂತರು. ಕಣ್ಣು ಮಂಕಾದ, ಬುದ್ಧಿ ಕದಡಿದ ಅಧಿಕಾರಿಯ ಕೈಗೆ ಬಂದೂಕು ಕೊಡುವ ಅಪಾಯವನ್ನು ಜನರು ಹೊರಬೇಕಾಗಿಲ್ಲವೆಂಬುದು ಅವರ ಅಭಿಪ್ರಾಯ. ಭಿನ್ನಮತದವರಲ್ಲಿ ಒಬ್ಬರಾದ ಆಂಟನಿನ್ ಸ್ಕಾಲಿಯಾ ಅವರು, ಇಲಾಖೆಯಲ್ಲಿ ಇಂಥ ಕೇಡು ನಿಜವಾಗಿ ನಡೆದುದಕ್ಕೆ ಒಂದು ಉದಾಹರಣೆಯನ್ನೂ ತೋರಿಸಲಿಲ್ಲವಲ್ಲ ಎಂದು ಆಕ್ಷೇಪಿಸಿದರು. ಪರೀಕ್ಷೆಗೊಳಗಾದ ಸುಮಾರು 3600 ಜನರಲ್ಲಿ ದೋಷ ಕಂಡುದು ಐವರಲ್ಲಿ ಮಾತ್ರ. ಈ ಆಕ್ಷೇಪವು ತಳ್ಳಿಹಾಕುವಂಥದಲ್ಲ. ಆದರೂ ಬಂದೂಕಿನ ವಿಷಯದಲ್ಲಿ ಬಹುಮತದ ಮಾತೇ ತೂಕವುಳ್ಳದ್ದೆಂದು ನನಗೆ ತೋರುತ್ತದೆ.

ಮೂರನೆಯ ವರ್ಗದ ಬಗ್ಗೆ ಬಹುಮತದವರಿಗೂ ಸಮಾಧಾನವಾಗಲಿಲ್ಲ. ರಹಸ್ಯ ಕಾಗದಗಳ ಹೆಸರಿನಲ್ಲಿ ಇಲಾಖೆಯು ಮಾಡಿದ್ದ ಪಟ್ಟಿಯಲ್ಲಿ ಲೆಕ್ಕಿಗರು, ಓಲೆಕಾರರು, ಕೊನೆಗೆ ಪ್ರಾಣಿಗಳನ್ನು ನೋಡಿಕೊಳ್ಳುವವರು ಕೂಡ ಸೇರಿದ್ದರು. ಇವರಲ್ಲಿ ನಿಜವಾಗಿಯೂ ರಹಸ್ಯವನ್ನು ಕಾಣುವವರು ಯಾರು ಎಂಬುದನ್ನು ವಿಚಾರಿಸಿ ತಿಳಿಯಬೇಕೆಂದು, ಆ ಭಾಗವನ್ನು ಮಾತ್ರ ಕೆಳಗಿನ ನ್ಯಾಯಾಲಯಕ್ಕೆ ಹಿಂದಿರುಗಿಸಿದರು.