ಬ್ಯಾಂಜೊ ವಾದ್ಯದ ತಂತಿಯ ಉದ್ದವೂ ಮೆಟ್ಟಿಲುಗಳ ಎಣಿಕೆಯೂ

ಬ್ಯಾಂಜೊ ಎಂದೊಡನೆ ನಮ್ಮ ಕಡೆ ಅನೇಕರು ಒತ್ತುಗುಂಡಿಗಳುಳ್ಳ ಬುಲ್‌ಬುಲ್ ತರಂಗವನ್ನು ನೆನೆಯುವರು. ನಾವೀಗ ಹೇಳಹೊರಟಿರುವುದು ಬೇರೊಂದು ವಾದ್ಯದ ಸಂಗತಿ. ಆಫ್ರಿಕದಿಂದ ಗುಲಾಮರಾಗಿ ಒಯ್ಯಲ್ಪಟ್ಟವರ ಕೈಯಲ್ಲಿ ಅಮೆರಿಕೆಯಲ್ಲಿ ಬೆಳೆದ, ಚರ್ಮ ಬಿಗಿದ ಬಳೆಗೆ ಉದ್ದವಾದ ದಂಡಿಯನ್ನು ಜೋಡಿಸಿದ, ಐದು ತಂತಿಗಳ ಬ್ಯಾಂಜೊ ಅದು. ಸುಮಾರು 1880ರಿಂದ 1910ರ ದಶಕದವರೆಗೆ ಅಮೆರಿಕ ಇಂಗ್ಲೆಂಡುಗಳಲ್ಲಿ ಇದಕ್ಕೆ ಕರುಳಿನ ತಂತಿ ಹೂಡಿ, ಬರಿಯ ಬೆರಳುಗಳಿಂದ ಮೀಟುವ ಪದ್ಧತಿಯು ಉಚ್ಛ್ರಾಯದಲ್ಲಿದ್ದಿತು. ವೆಸ್ ಆಸ್‌ಮನ್, ಫ್ರೆಡ್ ವ್ಯಾನ್ ಎಪ್ಸ್ ಇವರ ವಾದನವು ಗ್ರಾಮಫೋನ್ ತಟ್ಟೆಗಳಲ್ಲಿ ಉಳಿದಿದೆ. ಇಂಗ್ಲೆಂಡಿನ ಜೋ ಮಾರ್ಲಿಯ ಕೃತಿಗಳನ್ನು ನೈಲಾನ್ ತಂತಿಯ ಮೇಲೆ ನುಡಿಸುವವರು ಇಂದಿಗೂ ಉಂಟು.

ಇಂತಹ ವಾದ್ಯವನ್ನು ಕೊಳ್ಳುವವರು ಮೊದಲು ಮುತ್ತಿನ ಚಿಪ್ಪಿನ ಕೆತ್ತನೆಯನ್ನು ನೋಡುತ್ತಾರೆ. ಮೆಟ್ಟಿಲುಗಳನ್ನು ಎಣಿಸುವವರು ಕಡಮೆ. ವೀಣೆಯಲ್ಲಿ 24 ಮೆಟ್ಟಿಲುಗಳೆಂಬುದು ಗೊತ್ತಾದ ಮಾತು, ಬ್ಯಾಂಜೊವಿನಲ್ಲಿ ಹಾಗಲ್ಲ. 17 ಇದ್ದವೂ ಉಂಟು, 19 ಇದ್ದವೂ ಉಂಟು, 22 ಇದ್ದವೂ ಉಂಟು. ಈ ಭೇದದಿಂದಾಗುವ ನಷ್ಟವೇನೆಂದರೆ: ಸಿ ಸ್ವರವನ್ನು ಷಡ್ಜವಾಗಿ ಹಿಡಿದರೆ, ನಾಲ್ಕನೆಯ ತಂತಿಯು ಮಂದ್ರ ಷಡ್ಜ, ಮೂರನೆಯದು ಪಂಚಮ, ಎರಡನೆಯದು ನಿಷಾದ, ಮೊದಲನೆಯದು ಮಧ್ಯ ಸ್ಥಾಯಿಯ ರಿಷಭ. ಮೊದಲ ತಂತಿಯ 22ನೆಯ ಮೆಟ್ಟಿಲಿನಲ್ಲಿ ತಾರಸ್ಥಾಯಿಯನ್ನೂ ಮುಗಿಸಿದ ಷಡ್ಜವು ದೊರೆತು, ವಾದ್ಯದಲ್ಲಿ ಮೂರು ಪೂರ್ಣ ಸ್ಥಾಯಿಗಳಾಗುವುವು. 19ಕ್ಕೆ ನಿಂತರೆ ತಾರ ಧೈವತ. 17ಕ್ಕೆ ನಿಂತರೆ ತಾರ ಪಂಚಮವೇ ಕೊನೆ. ಮೇಲಿನ ಷಡ್ಜಕ್ಕೆ ಏರುವ ಕೃತಿಯನ್ನು ತಿಂಗಳುಗಟ್ಟಲೆ ಸಾಧಿಸಿದವನು ಕಡೆಯ ಸಾಲಿನಲ್ಲಿ ಒಂದು ಸ್ಥಾಯಿ ಕೆಳಗಿಳಿಯಬೇಕಾಗುವುದು. ಅದು ಮದುವೆಯ ಮೆರವಣಿಗೆ ಬಾಗಿಲಿಗೆ ಬಂದು ಹಿತ್ತಲಿನಿಂದ ಒಳಹೊಕ್ಕಂತೆ!

ಇನ್ನು ತಂತಿಯ ಉದ್ದ. ದಂಡಿಯ ತುದಿಯ ಪಟ್ಟಿಯಿಂದ ಕುದುರೆಯವರೆಗೆ ಇದು ಸಾಮಾನ್ಯವಾಗಿ 26–27 ಅಂಗುಲ. 27 ಅಂಗುಲದಲ್ಲಿ ಒಂದನೆಯ ಮೆಟ್ಟಿಲಿನಿಂದ ಐದನೆಯದಕ್ಕೆ ಸುಮಾರು 5¼ ಅಂಗುಲ. 24ರಲ್ಲಿ ಸುಮಾರು 4⅔. ಸಣ್ಣ ಕೈಗೆ ಈ ಅರ್ಧ ಅಂಗುಲವೇ ದೊಡ್ಡದು. ಆದರೆ ಮೇಲ್ಭಾಗದಲ್ಲಿ ಮಾತು ತಿರುಗುತ್ತದೆ: 27 ಅಂಗುಲದ ವಾದ್ಯದಲ್ಲಿಯೂ 21 ಮತ್ತು 22ನೆಯ ಮೆಟ್ಟಿಲುಗಳ ನಡುವಿನ ಎಡೆ ಅರ್ಧ ಅಂಗುಲಕ್ಕೂ ಕಡಮೆ. ಉದ್ದವನ್ನು ಮತ್ತಷ್ಟು ತಗ್ಗಿಸಿದರೆ ಬೆರಳಿಡಲು ತಾವೆಲ್ಲಿ?

ಅದೇ ತಂತಿಯನ್ನು ಅದೇ ಶ್ರುತಿಗೆ 24 ಅಂಗುಲದಲ್ಲಿ ಕಟ್ಟಿದರೆ ಬಿಗಿತವು ಐದರಲ್ಲೊಂದು ಪಾಲು ಇಳಿಯುವುದು. ಕರುಳು ಮೊದಲೇ ಮೆತ್ತಗಿನದು. ಸಡಿಲವಾದರೆ ಮೆಟ್ಟಿಲಿಗೆ ತಾಗಿ ಕಿರುಗುಟ್ಟುವುದು. ಒಂದು ಪೂರ್ಣ ಸ್ವರದಷ್ಟು ಶ್ರುತಿಯನ್ನು ಏರಿಸಿದರೆ ಹಿಂದಿನ ಬಿಗಿತವೇ ಬರುವುದು. ಫಿಲಡೆಲ್ಫಿಯದ ಎಸ್. ಎಸ್. ಸ್ಟೂವರ್ಟರು ಬ್ಯಾಂಜೊ ಮೇಳಗಳಿಗಾಗಿ ಗಿಡ್ಡ ದಂಡಿಯ ಬ್ಯಾಂಜೊರೀನ್ ಎಂಬುದನ್ನು ಮಾಡಿದಾಗ ಅದರ ಶ್ರುತಿಯನ್ನು ಷಡ್ಜದಿಂದ ಮಧ್ಯಮದಷ್ಟು ಮೇಲಕ್ಕೆ ಇಟ್ಟರು.

ಉದ್ದವನ್ನು ಹಾಗೆಯೇ ಇಟ್ಟು ಮೆಟ್ಟಿಲುಗಳನ್ನು ಮಾತ್ರ ಕಡಮೆಮಾಡಬಾರದೆ ಎಂದು ಕೇಳಬಹುದು. ದಂಡಿಯ ಮೆಟ್ಟಿಲುಗಳು ಬಳೆಯ ಅಂಚಿನಲ್ಲಿ ಮುಗಿಯುವುವೆಂದಿಟ್ಟುಕೊಳ್ಳೋಣ. 27 ಅಂಗುಲದಲ್ಲಿ 22ನೆಯ ಮೆಟ್ಟಿಲಿನಿಂದ ಕುದುರೆಗೆ ಸುಮಾರು 7½ ಅಂಗುಲ. 11 ಅಂಗುಲದ ಬಳೆಯಲ್ಲಿ ಹಿಂದೆ ಸಾಕಷ್ಟು ಚರ್ಮ ಉಳಿಯುವುದು. 17ಕ್ಕೆ ನಿಲ್ಲಿಸಿದರೆ ಕುದುರೆಯು 10 ಅಂಗುಲ ದೂರ ಸರಿದು ಹಿಂದಂಚಿನ ಬಳಿ ನಿಲ್ಲುವುದು. ಅಲ್ಲಿ ಚರ್ಮ ಆಡುವುದಿಲ್ಲ, ನಾದವು ಬಡವಾಗುವುದು. ಆದುದರಿಂದ ದಂಡಿಯನ್ನು ಕುಗ್ಗಿಸಬೇಕು, ಇಲ್ಲವೆ ಬಳೆಯನ್ನು ಹಿಗ್ಗಿಸಬೇಕು.

ಬೆಳೆದವರ ಕೈಗೆ 26 ಅಂಗುಲ, 22 ಮೆಟ್ಟಿಲುಗಳ ವಾದ್ಯವನ್ನೇ ನಾವು ಮೆಚ್ಚುವೆವು. ಮಕ್ಕಳಿಗೆ 24 ಅಂಗುಲದ್ದು ಸಾಕು. ಶ್ರುತಿಯನ್ನು ಏರಿಸಿಕೊಂಡರಾಯಿತು, ಪಿಯಾನೊದ ಜೊತೆ ನುಡಿಸುವಾಗ ಮಾತ್ರ ತೊಡಕು. ಕೊಳ್ಳುವಾಗ ಕುದುರೆಯನ್ನು ನಂಬಿ ಅಳೆಯಬೇಡಿರಿ. ಅದು ಸರಿದಾಡುವ ವಸ್ತು. ತುದಿಯ ಪಟ್ಟಿಯಿಂದ 12ನೆಯ ಮೆಟ್ಟಿಲಿಗೆ ಅಳೆದು ಇಮ್ಮಡಿಸಿರಿ. ಕರುಳಿಗಾಗಿ ಮಾಡಿದ ಹಳೆಯ ವಾದ್ಯಕ್ಕೆ ಉಕ್ಕಿನ ತಂತಿಯನ್ನು ಬಿಗಿಯಲೇ ಬೇಡಿರಿ; ದಂಡಿ ಬಾಗಿದ ಮೇಲೆ ಈ ಅಳತೆಗಳಾವುವೂ ನೆರವಿಗೆ ಬಾರವು.