ಗುರುತಿಲ್ಲದವರಿಗೊಬ್ಬ ಗುರುತಿನವರು

ಊರಿನಿಂದ ದೊಡ್ಡಾಸ್ಪತ್ರೆಗೆ ಹೊರಟವರು ಮೊದಲು ಕೇಳುವುದು ಒಂದೇ ಮಾತು: ‘ಅಲ್ಲಿ ನಮ್ಮ ಗುರುತಿನವರು ಯಾರಾದರೂ ಇದ್ದಾರಾ?’ ನರ್ಸೋ, ವಾರ್ಡ್‌ಬಾಯೋ, ಲಿಫ್ಟಿನ ಹುಡುಗನೋ, ಒಬ್ಬರು ಸಿಕ್ಕರೆ ಸಾಕು, ಜೀವಕ್ಕೆ ಧೈರ್ಯ. ಚೀಟಿ ಎಲ್ಲಿ ಮಾಡಿಸಬೇಕು, ಯಾವ ಕೋಣೆಯ ಮುಂದೆ ಕೂರಬೇಕು, ರಿಪೋರ್ಟು ಇವತ್ತೇ ಬರುತ್ತದೆಯೇ ಎಂದು ಹೇಳಲು ಒಬ್ಬರು ಬೇಕು. ಯಾರ ಗುರುತೂ ಇಲ್ಲದವರಿಗಾಗಿ ಹುಟ್ಟಿದ ಕೆಲಸವೇ ಪೇಷೆಂಟ್ ನ್ಯಾವಿಗೇಟರ್‌ನದು.

ಇದು ಶುರುವಾದದ್ದು 1990ರಲ್ಲಿ, ನ್ಯೂಯಾರ್ಕಿನ ಹಾರ್ಲೆಮ್ ಆಸ್ಪತ್ರೆಯಲ್ಲಿ. ಅಲ್ಲಿನ ಶಸ್ತ್ರವೈದ್ಯ ಹೆರಾಲ್ಡ್ ಫ್ರೀಮನ್ ಬಳಿಗೆ ಬಡ ಕಪ್ಪು ಹೆಣ್ಣುಮಕ್ಕಳು ಸ್ತನ ಕ್ಯಾನ್ಸರ್ ಬಲಿತ ಮೇಲೆ ಬರುತ್ತಿದ್ದರು. 1986ರವರೆಗಿನ 22 ವರ್ಷಗಳಲ್ಲಿ ಬಂದ 606 ಮಂದಿಯ ಲೆಕ್ಕ ತೆಗೆದಾಗ, ಐದು ವರ್ಷ ಉಳಿದವರು ಶೇ 39 ಮಾತ್ರ. ಅಗ್ಗದ ತಪಾಸಣೆಯ ಜೊತೆಗೆ, ಗಂಟು ಕಂಡ ದಿನದಿಂದ ಚಿಕಿತ್ಸೆಯವರೆಗೆ ಕೈ ಬಿಡದೆ ನಡೆಸುವ ಜನರನ್ನೂ ಫ್ರೀಮನ್ ನೇಮಿಸಿದರು. 1995ರಿಂದ 2000ದವರೆಗಿನ ರೋಗಿಗಳಲ್ಲಿ ಅದೇ ಪ್ರಮಾಣ ಶೇ 70ಕ್ಕೆ ಏರಿತು.

ಮುಂಬೈನ ಟಾಟಾ ಮೆಮೋರಿಯಲ್ 2019ರಲ್ಲಿ ಇದಕ್ಕೆಂದೇ ಒಂದು ವರ್ಷದ ಡಿಪ್ಲೊಮಾ ತೆರೆದು ‘ಕೇವಟ್’ ಎಂದು ಹೆಸರಿಟ್ಟಿತು. ಕೇವಟ ರಾಮನನ್ನು ಗಂಗೆ ದಾಟಿಸಿದ ಅಂಬಿಗ. ಇಷ್ಟು ಒಪ್ಪುವ ಹೆಸರು ಇನ್ನೊಂದಿರಲಾರದು. ನಮ್ಮಲ್ಲಿ ಆಯುಷ್ಮಾನ್ ಯೋಜನೆಯ ಮೇಜಿನಲ್ಲಿ ಕೂರುವ ಆರೋಗ್ಯಮಿತ್ರರು ಈ ಕೆಲಸದ ಒಂದು ಪಾಲನ್ನು, ಕಾರ್ಡು ಮತ್ತು ಮಂಜೂರಾತಿಯ ಪಾಲನ್ನು, ಹೊತ್ತಿದ್ದಾರೆ.

ಕ್ಯಾನ್ಸರ್ ವಿಭಾಗದಷ್ಟೇ ನ್ಯಾವಿಗೇಟರ್ ಬೇಕಾದ ಇನ್ನೊಂದು ಜಾಗ ಥೆರಪಿ ವಿಭಾಗ. ಆಪರೇಷನ್ ಒಂದು ದಿನದ ಮಾತು, ಥೆರಪಿ ತಿಂಗಳುಗಟ್ಟಲೆ. ಲಕ್ವ ಹೊಡೆದವರಿಗೆ ನಡಿಗೆ ಕಲಿಸಲು ಫಿಸಿಯೋಥೆರಪಿ, ಗುಂಡಿ ಹಾಕಿಕೊಳ್ಳಲು, ಅನ್ನ ಕಲಸಲು ಆಕ್ಯುಪೇಷನಲ್ ಥೆರಪಿ, ಮಾತಿಗೂ ನುಂಗುವುದಕ್ಕೂ ಸ್ಪೀಚ್ ಥೆರಪಿ. ಮೂವರು ಥೆರಪಿಸ್ಟರು, ಮೂರು ವೇಳೆ, ಮೂರು ಬಿಲ್ಲು. ಇವನ್ನೆಲ್ಲ ಹೊಂದಿಸುವ ಆಡಳಿತಾಧಿಕಾರಿಯೇ ಹಲವೆಡೆ ನ್ಯಾವಿಗೇಟರ್ ಕೂಡ.

ಎರಡು ಸಲ ಬಾರದಿದ್ದರೆ ಹೆಸರು ಹೊಡೆದು, ಕಾಯುವವರಿಗೆ ಆ ವೇಳೆ ಕೊಡುವುದು ಸುಲಭ. ಒಳ್ಳೆಯ ನ್ಯಾವಿಗೇಟರ್ ಹೊಡೆಯುವ ಮೊದಲು ಫೋನ್ ಮಾಡುತ್ತಾರೆ. ಅತ್ತ ಕಡೆಯಿಂದ ಬರುವುದು ಉದಾಸೀನದ ಮಾತಲ್ಲ. ಅಪ್ಪನನ್ನು ಕರೆತಂದರೆ ಮಗನ ಆ ದಿನದ ಕೂಲಿ ಹೋಯಿತು. ವೇಳೆ ಒಂಬತ್ತಕ್ಕೆ, ಊರಿನ ಮೊದಲ ಬಸ್ಸು ಮುಟ್ಟುವುದು ಹತ್ತಕ್ಕೆ. ಡಿಸ್ಚಾರ್ಜ್ ಆಯಿತಲ್ಲ, ಎಲ್ಲ ಮುಗಿಯಿತು ಎಂದುಕೊಂಡವರೂ ಉಂಟು. ಕಾರಣ ಗೊತ್ತಾದರೆ ದಾರಿ ಇದೆ: ಮೂರೂ ಥೆರಪಿಗಳನ್ನು ಒಂದೇ ದಿನ ಹನ್ನೊಂದರ ಮೇಲೆ ಇಡಿಸಬಹುದು, ಮನೆಯಲ್ಲಿ ಮಾಡಿಸುವ ವ್ಯಾಯಾಮವನ್ನು ಸೊಸೆಗೆ ಕಲಿಸಿಕೊಡಿ ಎಂದು ಥೆರಪಿಸ್ಟರನ್ನು ಕೇಳಬಹುದು, ಹತ್ತಿರದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಇದ್ದರೆ ಅಲ್ಲಿಗೇ ಪತ್ರ ಬರೆಸಬಹುದು. ಈ ಒಂದು ಫೋನಿಗಾಗಿಯೇ ಪ್ರತಿ ಥೆರಪಿ ವಿಭಾಗದಲ್ಲಿ ಈ ಹುದ್ದೆ ಇರಬೇಕು ಎನ್ನುವವಳು ನಾನು.

ಔಷಧ ಹೇಳುವುದು, ವ್ಯಾಯಾಮ ಹೇಳುವುದು ಇವರ ಕೆಲಸವಲ್ಲ. ಕಿವಿ ಮಾತ್ರ ಚುರುಕಾಗಿರಬೇಕು. ಮುಂದಿನ ತಾರೀಖು ಬರೆಸಿಕೊಳ್ಳುತ್ತ ಮಗಳೊಬ್ಬಳು, ‘ಅವ್ವಂಗ ನೀರು ಕುಡಿದಾಗೆಲ್ಲ ಕೆಮ್ಮು ಬರ್ತೈತ್ರಿ’ ಎಂದಳೆನ್ನಿ. ಅದು ನೆಗಡಿಯ ಕೆಮ್ಮೇ ಇರಬೇಕೆಂದಿಲ್ಲ. ಲಕ್ವದಿಂದ ನುಂಗುವ ಶಕ್ತಿ ಕುಂದಿ ನೀರು ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು, ಅದರಿಂದ ನ್ಯುಮೋನಿಯಾ ಆಗಬಹುದು. ಇದನ್ನು ಬಲ್ಲ ನ್ಯಾವಿಗೇಟರ್ ಮುಂದಿನ ವಾರದ ತಾರೀಖು ಬರೆಯುವುದಿಲ್ಲ. ಪೆನ್ನು ಕೆಳಗಿಟ್ಟು, ಎದ್ದು ಹೋಗಿ ಸ್ಪೀಚ್ ಥೆರಪಿಸ್ಟರ ಬಾಗಿಲು ತಟ್ಟುತ್ತಾರೆ.